ಹದಿನಾಲ್ಕನೇ ಹಾಳೆಯ ಚುಕ್ಕಿಗೆರೆ

ಮಾರ್ಚ್ 3, ಸೋಮವಾರ

ಅಣ್ಣ,

ನೀನು ಬರೆದ ನಕ್ಷೆಯಲ್ಲಿ ಒಂದು ಸುಳ್ಳು ದಾರಿ ಇದೆ. ಅದನ್ನು ನಂಬಿ ನಡೆದ ಒಬ್ಬರು ಬಂಡೆಯ ಮೇಲಿಂದ ಬಿದ್ದು, ಬಲಗೈ ಮುರಿದುಕೊಂಡು ಆಸ್ಪತ್ರೆಯಲ್ಲಿ ಮಲಗಿದ್ದಾರೆ. ಅವರು ಶಾಲೆಯೊಂದರ ಡ್ರಾಯಿಂಗ್ ಮೇಷ್ಟ್ರು. ಬಲಗೈ ಅಂದರೆ ಅವರಿಗೆ ಏನು ಎಂದು ನಿನಗೆ ಬಿಡಿಸಿ ಹೇಳಬೇಕಾಗಿಲ್ಲ. ನೀನೂ ಗೆರೆ ಎಳೆದು ಬದುಕುವವನೇ.

ಪತ್ರಿಕೆಯ ಮೂಲೆಯಲ್ಲಿ ನಾಲ್ಕು ಸಾಲಿನ ಸುದ್ದಿ ಬಂದಿತ್ತು. ಬೈಂಡಿಂಗ್ ಅಂಗಡಿಯಲ್ಲಿ ರಜೆ ಹೇಳಿ, ಎರಡು ಬಸ್ಸು ಬದಲಾಯಿಸಿ, ಬಂಡೆಬಯಲಿನ ಅಂಚಿನಲ್ಲಿರುವ ಈ ವಸತಿಮನೆಗೆ ಬಂದಿದ್ದೇನೆ. ಕೋಣೆಯಲ್ಲಿ ಒಂದು ಮಂಚ, ಕಾಲು ಕುಂಟುವ ಒಂದು ಮೇಜು. ಕಿಟಕಿ ತೆಗೆದರೆ ಕಲ್ಲು, ಮುಚ್ಚಿದರೂ ಸಂದಿಯಲ್ಲಿ ಕಲ್ಲಿನ ಪುಡಿ.

ನಿನ್ನೆ ಬೆಳಗ್ಗೆ ಏಳಕ್ಕೆ ಹೊರಟೆ. ದೂರದಿಂದ ನೋಡಿದರೆ ಬಂಡೆಬಯಲು ಬಸ್ಸಿಗೆ ಕಾದು ನಿಂತ ಜನರ ಗುಂಪಿನ ಹಾಗಿದೆ. ಹತ್ತಿರ ಹೋದ ಮೇಲೆ ಒಬ್ಬೊಬ್ಬರೂ ಮೂರಾಳು ಎತ್ತರದ ಕಂಬಗಳು. ಸೊಂಟ ಸಣ್ಣ, ತಲೆ ದಪ್ಪ. ಬದಿಯಲ್ಲಿ ಪದರ ಪದರ ಕಾಣುತ್ತದೆ, ನಾನು ದಿನವೂ ನೋಡುವ ಅಂಚು ಕತ್ತರಿಸದ ಪುಸ್ತಕದ ಹಾಗೆ. ಬೂದಿ ಬಣ್ಣದ ಪದರ, ತುಕ್ಕಿನ ಬಣ್ಣದ ಪದರ, ನಡುವೆ ಬೆರಳಗಲದ ಹಳದಿ. ಕಂಬಗಳ ನಡುವೆ ಸಂದಿಗಳು. ಕೆಲವು ಕಡೆ ಚೀಲ ಇಳಿಸಿ, ಮುಂದೆ ತಳ್ಳಿ, ಅಡ್ಡಡ್ಡ ನುಸುಳಬೇಕು. ಹೊರಗೆ ತಲೆ ಸುಡುವ ಬಿಸಿಲಿದ್ದರೂ ಸಂದಿಯೊಳಗೆ ನೆಲಮಾಳಿಗೆಯ ತಣ್ಣನೆಯ ಗಾಳಿ. ನನ್ನ ಹೆಜ್ಜೆಯ ಸದ್ದು ಎದುರಿನ ಗೋಡೆಗೆ ಬಡಿದು ವಾಪಸ್ಸು ಬರುತ್ತಿತ್ತು. ಯಾರೋ ಎದುರಿಗೆ ಬರುತ್ತಿದ್ದಾರೆ ಎಂದು ಎರಡು ಸಲ ದಾರಿ ಬಿಟ್ಟು ನಿಂತೆ. ನೀನಿದ್ದಿದ್ದರೆ ನಗುತ್ತಿದ್ದೆ.

ನಿನ್ನ ನಕ್ಷೆಯ ಹದಿನಾಲ್ಕನೇ ಹಾಳೆಯಲ್ಲಿ ಎರಡನೇ ಕಂಬದಿಂದ ನೀರಿನ ಗುಂಡಿಯವರೆಗೆ ಒಂದು ಚುಕ್ಕಿಗೆರೆ ಇದೆ. ಅದು ಕಾಲುದಾರಿಯ ಗುರುತು. ಆ ಗೆರೆ ಹಿಡಿದು ಹೋದರೆ ಮೊದಲು ಒಂದು ಇಳಿಜಾರು ಹಾಸುಬಂಡೆ ಸಿಗುತ್ತದೆ. ಮೊದಲ ಹತ್ತು ಹೆಜ್ಜೆ ಮನೆಯ ಜಗಲಿಯಷ್ಟು ಸುಲಭ. ಆಮೇಲೆ ಗೊತ್ತೇ ಆಗದಂತೆ ಇಳಿಜಾರು ಹೆಚ್ಚುತ್ತದೆ, ಕಾಲಡಿಯಲ್ಲಿ ಸಾಸಿವೆಯಂತಹ ಕಲ್ಲುಪುಡಿ. ಮುಂದೆ ನೆಲ ಇಲ್ಲ ಎಂದು ಕಾಣುವಷ್ಟರಲ್ಲಿ ಹಿಂದೆ ಹತ್ತಲು ಆಗುವುದಿಲ್ಲ. ನಾನು ಕೂತುಕೊಂಡೇ ಇಳಿದಿದ್ದರಿಂದ ಉಳಿದೆ. ಮೇಲೆ ಬರಲು ಮೂರು ಗಂಟೆ ಹಿಡಿಯಿತು. ಅಂಗೈಯಲ್ಲಿ ಚರ್ಮ ಉಳಿದಿಲ್ಲ, ಅಕ್ಷರ ಸೊಟ್ಟಗಿರುವುದು ಅದಕ್ಕೇ. ಬಂಡೆಯ ಮೇಲೆ ಮೇಷ್ಟ್ರ ಚಪ್ಪಲಿ ಉಜ್ಜಿದ ಕಪ್ಪು ಗೆರೆ ಇನ್ನೂ ಇದೆ.

ಈ ದಾರಿಯನ್ನು ಯಾರು ಅಳೆದರು? ಯಾರು ನಡೆದರು? ಸುತ್ತಿ ಬಳಸದೆ ಉತ್ತರ ಕೊಡು.

ನಿನ್ನ ತಂಗಿ


ಮಾರ್ಚ್ 9, ಭಾನುವಾರ

ಪ್ರೀತಿಯ ಗುಂಡುಸೂಜಿಗೆ,

ಮೊದಲು ಕೈಗೆ ಔಷಧಿ ಹಚ್ಚು. ಕ್ರಾಂತಿ ಒಂದು ವಾರ ಕಾಯುತ್ತದೆ, ಕೀವು ಕಾಯುವುದಿಲ್ಲ.

ನಿನ್ನ ಕಾಗದವನ್ನು ಅಮ್ಮನಿಗೆ ಓದಿ ಹೇಳಲಿಲ್ಲ. ನೀನು ಗೆಳತಿಯರ ಜೊತೆ ಊರು ನೋಡಲು ಹೋಗಿದ್ದೀಯ ಎಂದಿದ್ದೇನೆ. "ಅವಳಿಗೆ ಗೆಳತಿಯರು ಬೇರೆ ಇದ್ದಾರಾ? ಎಲ್ಲರ ಜೊತೆ ಜಗಳ ಆಡ್ತಾಳಲ್ಲ" ಅಂದಳು. ಮಂಡಿನೋವು ಹಾಗೇ ಇದೆ. ನೀನು ಅಚ್ಚು ಹಾಕಿ ಹಂಚುವ ಹದಿನಾರು ಪುಟದ ಪುಸ್ತಿಕೆಗಳ ಕಟ್ಟನ್ನು ಕಾಲಡಿಗೆ ಇಟ್ಟುಕೊಂಡು ಕೂರುತ್ತಾಳೆ, ಎತ್ತರ ಸರಿಯಾಗುತ್ತದಂತೆ. ಸಿಟ್ಟಾಗಬೇಡ.

ದಾರಿಯ ವಿಷಯ. ಹದಿನಾಲ್ಕನೇ ಹಾಳೆ ಎಂಟು ವರ್ಷ ಹಳೆಯದು. ಅಲ್ಲಿನ ಕಲ್ಲು ಮೆದು, ಮಳೆಗೆ ಜಾರಿರಬಹುದು. ಆಗ ಇದ್ದ ದಾರಿ ಈಗ ಇಲ್ಲದಿರಬಹುದು. ಇಂಥವು ಆಗುತ್ತವೆ.

ಒಂದು ಮಾತು ಕೇಳುತ್ತೇನೆ, ಯೋಚಿಸಿ ಉತ್ತರ ಬರೆ. ಮೇಷ್ಟ್ರ ಕೈಯಲ್ಲಿದ್ದ ಹಾಳೆ ಹೇಗಿತ್ತು? ದಪ್ಪ ಕಾಗದವೋ ತೆಳುವೋ? ಎಷ್ಟು ಮಡಿಕೆ? ನಿನಗೆ ಗೊತ್ತಿದ್ದರೆ ನನಗೆ ಮಾತ್ರ ಬರೆ, ಆಫೀಸಿನ ವಿಳಾಸಕ್ಕೆ ಬೇಡ.

ಆ ಬಂಡೆಗಳ ಮೇಲೆ ಇನ್ನು ಹತ್ತಬೇಡ. ಬೇಗ ಹೊರಡು.

ನಿನ್ನ ಅಣ್ಣ


ಮಾರ್ಚ್ 14, ಶುಕ್ರವಾರ

ಅಣ್ಣ,

ಒಬ್ಬರ ಕೈ ಹೋಗಿದೆ, ನೀನು ಕಾಗದದ ದಪ್ಪ ಕೇಳುತ್ತೀಯ. ಎಷ್ಟು ಮಡಿಕೆ ಎಂದು ಕೇಳುತ್ತೀಯ! ಆಫೀಸು ಮನುಷ್ಯನನ್ನು ಏನು ಮಾಡುತ್ತದೆ ಎಂದು ಓದಿದ್ದೆ, ಇಷ್ಟು ಹತ್ತಿರದಿಂದ ನೋಡಿರಲಿಲ್ಲ.

ಮಳೆಗೆ ಜಾರಿದೆ ಎಂದು ಬರೆದಿದ್ದೀಯ. ಈ ವಸತಿಮನೆಯ ಒಡತಿ ಇಲ್ಲೇ ಹುಟ್ಟಿದವರು, ಹದಿನೈದು ವರ್ಷ ಕ್ವಾರಿಯಲ್ಲಿ ಕಲ್ಲು ಒಡೆದವರು. ಹಗ್ಗ ಹೆಗಲಿಗೆ ಹಾಕಿಕೊಂಡು ನನ್ನ ಜೊತೆ ಬಂದರು. ಹಾಸುಬಂಡೆಯ ತುದಿಯಲ್ಲಿ ಬೆಳೆದ ಕಲ್ಲುಹೂವನ್ನು ಉಗುರಿನಿಂದ ಕೆರೆದು ತೋರಿಸಿದರು. ಅಂಗೈ ಅಗಲ ಇತ್ತು.

"ಇದು ಇಷ್ಟು ಬೆಳೀಬೇಕಾದ್ರೆ ನಮ್ಮಜ್ಜಿ ಕಾಲದಿಂದ ಈ ಕಲ್ಲು ಕದಲಿಲ್ಲ ಅಂತ ಅರ್ಥ. ಯಾರು ಹೇಳಿದ್ದು ನಿನಗೆ ಜಾರಿದೆ ಅಂತ?"

"ನಕ್ಷೆ ಬರೆಯೋರು."

"ಯಾರು, ಆ ಉದ್ದ ಕತ್ತಿನ ಹುಡುಗನಾ? ಊಟಕ್ಕೆ ಕೂತ್ರೂ ಪೆನ್ಸಿಲ್ ಕಿವಿಲೇ ಇರ್ತಿತ್ತು! ಹನ್ನೊಂದು ದಿನ ಇದ್ದ ಇಲ್ಲಿ. ಒಂದು ಸಂದಿ ಬಿಡಲಿಲ್ಲ ಪುಣ್ಯಾತ್ಮ. ಈ ಬಂಡೆ ಹತ್ರ ನಾನೇ ಅವನ ಅಂಗಿ ಹಿಡಿದು ಎಳೆದಿದ್ದೆ. 'ಸತ್ತುಹೋಗ್ತೀಯ ಕಣೋ' ಅಂದೆ. 'ಅದಕ್ಕೇ ನೋಡ್ತಿದೀನಿ ಅಕ್ಕಾ' ಅಂದ."

ಅಣ್ಣ, ಆ ಹುಡುಗನ ಕತ್ತು ನನಗೆ ಗೊತ್ತು. ಆ ಹೆಗಲ ಮೇಲೆ ಕೂತು ನಾನು ಶಾಲೆಗೆ ಹೋಗಿದ್ದೇನೆ.

ಅಲ್ಲಿ ದಾರಿಯಿಲ್ಲ ಎಂದು ನಿನಗೆ ಗೊತ್ತಿತ್ತು. ಗೊತ್ತಿದ್ದೂ ಚುಕ್ಕಿ ಇಟ್ಟೆ. ಇದು ಕೈತಪ್ಪಲ್ಲ, ಮನಸ್ಸಿಟ್ಟು ಮಾಡಿದ್ದು. ಏಕೆ ಎಂದು ಹತ್ತು ದಿನದೊಳಗೆ ಬರೆ. ಇಲ್ಲದಿದ್ದರೆ ನಾನೇ ಅಚ್ಚು ಮಾಡಿ ಬಸ್ ನಿಲ್ದಾಣಗಳಲ್ಲಿ ಹಂಚುತ್ತೇನೆ. ನಡೆಯುವವರ ಕಾಲಡಿಗೆ ಸುಳ್ಳು ಹಾಸುವವರು ಯಾರು ಎಂದು ಎಲ್ಲರಿಗೂ ಗೊತ್ತಾಗಲಿ. ನಿನ್ನ ಹುದ್ದೆಯನ್ನೂ ಹಾಕುತ್ತೇನೆ. ಅಣ್ಣ ಎಂದು ನೋಡುವುದಿಲ್ಲ.

—


ಮಾರ್ಚ್ 20, ಗುರುವಾರ

ಗುಂಡುಸೂಜಿ,

ಏಕೆ ಎಂದು ಕೇಳಿದ್ದೀಯ. ಹೇಳುತ್ತೇನೆ. ಆಮೇಲೆ ನಾನೂ ಒಂದು ಕೇಳುತ್ತೇನೆ.

ನಮ್ಮ ಕಂಪನಿಯ ಪ್ರತಿ ಹಾಳೆಯಲ್ಲೂ ಇಲ್ಲದ ದಾರಿ ಒಂದು ಇರುತ್ತದೆ. ಅದಕ್ಕೆ ಸಾಕ್ಷಿಗೆರೆ ಎನ್ನುತ್ತೇವೆ. ಬೇರೆಯವರು ನಮ್ಮ ನಕ್ಷೆಯನ್ನು ಕದ್ದು ಅಚ್ಚು ಹಾಕಿದರೆ ಆ ಗೆರೆಯೂ ಜೊತೆಗೆ ಹೋಗುತ್ತದೆ, ಕಳ್ಳ ಸಿಕ್ಕಿಬೀಳುತ್ತಾನೆ. ಯಾರೂ ಕಾಲಿಡದ ಜಾಗ ಹುಡುಕಿ ಅಲ್ಲಿ ಬರೆಯಬೇಕು, ಇದು ನಿಯಮ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಸಾಹೇಬರಿಗೆ "ಇದು ಸುಳ್ಳಲ್ವಾ ಸಾರ್?" ಎಂದಿದ್ದೆ. "ಸುಳ್ಳು ಅನ್ನಬೇಡಯ್ಯಾ, ರಕ್ಷಣೆ ಅನ್ನು. ಬೀಗ ಹಾಕೋದನ್ನ ಸುಳ್ಳು ಅಂತಾರಾ?" ಎಂದು ನಕ್ಕರು. ನಾನೂ ನಕ್ಕೆ. ಇಪ್ಪತ್ತೆರಡು ಹಾಳೆಗೆ ಇಪ್ಪತ್ತೆರಡು ಗೆರೆ ಎಳೆದಿದ್ದೇನೆ.

ಆದರೆ ನಮ್ಮ ಹಾಳೆ ಎರಡು ಬಣ್ಣದ್ದು. ಮೊದಲು ಕಪ್ಪು ಅಚ್ಚಾಗುತ್ತದೆ, ಆಮೇಲೆ ಕೆಂಪು. ಅಪಾಯವಿರುವ ಕಡೆಯೆಲ್ಲ ಕೆಂಪು ಅಡ್ಡಗೀಟು. ನೀನು ಇಳಿದ ಆ ಹಾಸುಬಂಡೆಯ ಮೇಲೆ ಅಂಗುಲ ಅಗಲದ ಕೆಂಪು ಪಟ್ಟಿ ಇದೆ. ನಮ್ಮ ಹಾಳೆ ಹಿಡಿದವರು ಯಾರೂ ಆ ಚುಕ್ಕಿಗಳ ಮೇಲೆ ಹೋಗುವುದಿಲ್ಲ. ಎಂಟು ವರ್ಷದಲ್ಲಿ ಒಬ್ಬರೂ ಹೋಗಿಲ್ಲ.

ಮೇಷ್ಟ್ರ ಅಂಗಿಯ ಜೇಬಿನಲ್ಲಿದ್ದ ಹಾಳೆಯನ್ನು ಅವರ ಹೆಂಡತಿ ನಮ್ಮದೇ ಎಂದುಕೊಂಡು ಆಫೀಸಿಗೆ ಕಳಿಸಿದರು. ನಿನ್ನ ಮೊದಲ ಕಾಗದ ಬರುವ ಮೂರು ದಿನ ಮೊದಲೇ ಅದು ನನ್ನ ಮೇಜಿನ ಮೇಲಿತ್ತು. ತೆಳು ಹಳದಿ ಕಾಗದ. ಕಪ್ಪು ಮಾತ್ರ. "ಹಾಳೆ 14" ಎಂಬುದನ್ನೂ ಬಿಡದೆ ನಕಲು ಮಾಡಿದ್ದಾರೆ. ಮೇಲೆ ದಪ್ಪ ಅಕ್ಷರದಲ್ಲಿ "ದಾರಿ ಎಲ್ಲರದು. ಓದಿ, ನಡೆಯಿರಿ, ಇನ್ನೊಬ್ಬರಿಗೆ ಕೊಡಿ." ಉಗುರಿನಿಂದ ಗೀರಿ, ಅಂಚಿಗೆ ಅಂಚು ಕೂಡಿಸಿದ ನಾಲ್ಕು ಮಡಿಕೆ. ಹಾಗೆ ಮಡಿಸುವವರು ಒಬ್ಬರೇ ನನಗೆ ಗೊತ್ತಿರುವುದು. ಅವಳ ಕಾಗದಗಳು ಲಕೋಟೆಯೊಳಗೆ ಹಾಗೇ ಬರುತ್ತವೆ.

ಮಡಿಕೆ ಎಷ್ಟು ಎಂದು ನಾನು ಕೇಳಿದ್ದು ಏಕೆಂದು ಈಗ ಅರ್ಥವಾಯಿತೇ? ನೀನಾಗೇ ಹೇಳುತ್ತೀಯ ಎಂದು ಕಾದೆ. ನೀನು ನನ್ನ ಹುದ್ದೆ ಅಚ್ಚು ಹಾಕುತ್ತೇನೆ ಎಂದು ಬರೆದೆ.

ಈಗ ನನ್ನ ಪ್ರಶ್ನೆ. ಕೆಂಪನ್ನು ಏಕೆ ಬಿಟ್ಟೆ? ಎರಡನೇ ಬಣ್ಣ ಹಾಕಲು ಬೇಜಾರಾಯಿತೇ? ನಿನ್ನ ಜನರಿಗೆ ಅಪಾಯ ಗೊತ್ತಾಗಬಾರದೇ?

ಸಾಹೇಬರು ವಿಚಾರಣೆ ಇಟ್ಟಿದ್ದಾರೆ. ಹಳದಿ ಹಾಳೆಯಲ್ಲಿರುವುದು ನನ್ನ ಸಾಕ್ಷಿಗೆರೆ ಎಂದು ನಾನು ಸಹಿ ಹಾಕಿಕೊಟ್ಟರೆ ಪೊಲೀಸರು ಅದನ್ನು ಅಚ್ಚು ಹಾಕಿದವರನ್ನು ಹುಡುಕುತ್ತಾರೆ. ಹಾಕದಿದ್ದರೆ ಗೆರೆ ನನ್ನ ತಪ್ಪು ಎಂದಾಗುತ್ತದೆ. ಇದಕ್ಕೆ ಉತ್ತರ ನಿನ್ನ ಯಾವ ಪುಸ್ತಿಕೆಯಲ್ಲೂ ಇಲ್ಲ ಅಂದುಕೊಂಡಿದ್ದೇನೆ.

ಅಣ್ಣ


ಏಪ್ರಿಲ್ 1, ಮಂಗಳವಾರ

ಅಣ್ಣ,

ಹತ್ತು ದಿನದಿಂದ ಬರೆಯಲು ಕೂತು ಏಳುತ್ತಿದ್ದೇನೆ.

ಕೆಂಪು ಇದೆ ಎಂದು ನನಗೆ ಗೊತ್ತಿರಲಿಲ್ಲ. ನಂಬು, ಬಿಡು. ನಮ್ಮ ಮನೆಯ ಅಲಮಾರಿಯ ಕೆಳ ಅರೆಗೆ ನೀನೇ ಒಂದು ಪ್ರೂಫ್ ಹಾಳೆ ಹಾಸಿದ್ದೆ, ಮೇಲೆ ಹೊದಿಕೆಗಳು. ಹಿಂದಿನ ಸಲ ಬಂದಾಗ ಅದನ್ನೇ ಗಾಜಿನ ಮೇಲಿಟ್ಟು ಟ್ರೇಸ್ ಮಾಡಿಕೊಂಡೆ. ಅದರಲ್ಲಿ ಕಪ್ಪು ಮಾತ್ರ ಇತ್ತು. ಮುಗಿದ ನಕ್ಷೆ ಅಷ್ಟೇ ಎಂದುಕೊಂಡೆ. ನಕ್ಷೆ ಎರಡು ಸಲ ಅಚ್ಚಾಗುತ್ತದೆ ಎಂದು ನಾನು ಯಾವತ್ತೂ ಕೇಳಲಿಲ್ಲ. ನಿನ್ನ ಕೆಲಸದ ಬಗ್ಗೆ ನಾನು ಯಾವತ್ತೂ ಏನೂ ಕೇಳಿಲ್ಲ, ಅಲ್ಲವೇ? ಬೈಯುವಷ್ಟು ಮಾತ್ರ ತಿಳಿದುಕೊಂಡಿದ್ದೆ.

ಮುನ್ನೂರು ಮಾಡಿದ್ದೆ. ಇನ್ನೂರ ಹತ್ತು ಹಂಚಿದ್ದೆ. ನೆಲ ಯಾರದೂ ಅಲ್ಲ, ಹಾಗಾದರೆ ನೆಲದ ಚಿತ್ರ ಕೆಲವರದು ಹೇಗಾಗುತ್ತದೆ ಎಂದು ವಾದ ಮಾಡಿ, ಒಬ್ಬೊಬ್ಬರ ಕೈಗೆ ಕೊಟ್ಟಿದ್ದೆ. ಈಗ ದಿನವೂ ಬೆಳಗ್ಗೆ ಬಂಡೆಬಯಲಿಗೆ ಹೋಗಿ ಎರಡನೇ ಕಂಬದ ಬುಡದಲ್ಲಿ ಕೂರುತ್ತೇನೆ. ಯಾರ ಕೈಯಲ್ಲಿ ಹಳದಿ ಕಂಡರೂ ಕಿತ್ತುಕೊಳ್ಳುತ್ತೇನೆ. ನಿನ್ನೆ ಒಬ್ಬ "ದಾರಿ ಎಲ್ಲರದು ಅಂತ ಬರೆದಿದೆ, ನೀವ್ಯಾರ್ರೀ ತಡೆಯೋಕೆ?" ಅಂದ. ಸಂದಿಯ ಬಾಯಿಗೆ ಕಲ್ಲು ಒಟ್ಟಿ ಸೊಂಟದವರೆಗೆ ಗೋಡೆ ಕಟ್ಟಿದ್ದೇನೆ. ಒಂಟಿಯಾಗಿ ಎತ್ತಲು ಆಗುವ ಕಲ್ಲು ಚಿಕ್ಕವು, ಗಾಳಿಗೇ ಅರ್ಧ ಉರುಳುತ್ತವೆ.

ಆಸ್ಪತ್ರೆಗೂ ಹೋದೆ. ಹೇಳಿಬಿಡಬೇಕೆಂದೇ ಹೋದೆ. ಮೇಷ್ಟ್ರು ಎಡಗೈಯಲ್ಲಿ ಪೆನ್ಸಿಲ್ ಹಿಡಿದು ಹಾಳೆಯ ಮೇಲೆ ಸೊನ್ನೆ ಸುತ್ತುತ್ತಿದ್ದರು. ನನ್ನನ್ನು ಯಾವುದೋ ಹಳೆಯ ವಿದ್ಯಾರ್ಥಿನಿ ಎಂದುಕೊಂಡರು.

"ನೋಡಮ್ಮಾ, ಮೂವತ್ತು ವರ್ಷ ಮಕ್ಕಳ ಸೊನ್ನೆ ನೋಡಿ ಕೋಳಿಮೊಟ್ಟೆ ಅಂತ ನಗಾಡಿದೀನಿ. ಈಗ ನಂದೇ ಮೊಟ್ಟೆ ಆಗ್ತಿದೆ."

"ಆ ಹಾಳೆ ಯಾರು ಕೊಟ್ರು ಸಾರ್?" ಎಂದು ಕೇಳಿದೆ.

"ಬಸ್ ಸ್ಟ್ಯಾಂಡಲ್ಲಿ ಸಿಕ್ತು. ಒಳ್ಳೇ ಮಾತು ಬರೆದಿದ್ರು ಮೇಲೆ. ಪುಕ್ಕಟೆ ಹಂಚೋರು ಸುಳ್ಳು ಯಾಕೆ ಹೇಳ್ತಾರೆ ಅಂತ ನಂಬಿದೆ."

ನಾನು ಹೊದಿಕೆ ಸರಿ ಮಾಡಿ ಬಂದುಬಿಟ್ಟೆ. ಇದನ್ನು ಬರೆಯುವುದಕ್ಕೆ ನಾಚಿಕೆಯಾಗುತ್ತಿದೆ.

ನೀನು ಸಹಿ ಹಾಕು. ಆದರೆ ಇದ್ದದ್ದನ್ನೆಲ್ಲ ಬರೆದು ಹಾಕು. ನನ್ನ ನಕಲೂ ಬರಲಿ, ನಿಮ್ಮ ಸಾಕ್ಷಿಗೆರೆಯೂ ಬರಲಿ. ನಾನು ಕೆಂಪು ಬಿಟ್ಟಿದ್ದು ನಿಜ. ನೀನು ಕಪ್ಪು ಬರೆದಿದ್ದೂ ನಿಜ.

ತಂಗಿ


ಏಪ್ರಿಲ್ 5, ಶನಿವಾರ

ನಿನ್ನ ಕಾಗದ ಬರುವ ಮೊದಲೇ ಬರೆದುಕೊಟ್ಟಾಗಿತ್ತು.

ಚುಕ್ಕಿಗೆರೆ ನನ್ನ ಕೈತಪ್ಪು, ಅಳತೆಪುಸ್ತಕ ನೋಡುವಾಗ ಸಾಲು ತಪ್ಪಿತು, ಕಂಪನಿಗೆ ಇದು ಗೊತ್ತಿರಲಿಲ್ಲ ಎಂದು ಬರೆದೆ. ಸಾಹೇಬರು ಓದಿ ಕನ್ನಡಕ ತೆಗೆದರು. "ಬುದ್ಧಿವಂತ" ಅಂದರು. ಸಾಕ್ಷಿಗೆರೆ ಎಂಬ ಮಾತೇ ಬರಲಿಲ್ಲವಲ್ಲ, ಅವರಿಗೂ ಸುಖ. ಹಳದಿ ಹಾಳೆಯ ತಂಟೆಗೆ ಹೋಗುವುದಿಲ್ಲವಂತೆ. ಹದಿನೇಳನೇ ತಾರೀಖು ಹನ್ನೊಂದು ಗಂಟೆಗೆ ಕೊನೆಯ ವಿಚಾರಣೆ. ಮೇಷ್ಟ್ರ ಕಡೆಯವರ ಎದುರು ನಾನು ಒಪ್ಪಿಕೊಳ್ಳಬೇಕು, ಅವತ್ತಿಗೇ ಕೆಲಸವೂ ಮುಗಿಯುತ್ತದೆ. ಮೇಷ್ಟ್ರ ಮನೆಗೆ ಕ್ಷಮೆ ಕೇಳಿ ಒಂದು ಕಾಗದವನ್ನೂ ಬರೆದಿದ್ದೇನೆ.

ನನಗೆ ಕಣ್ಣು ಕೆಟ್ಟಿದೆ, ಗೆರೆ ಕಾಣುವುದಿಲ್ಲ, ಅದಕ್ಕೇ ಕೆಲಸ ಬಿಡುತ್ತಿದ್ದೇನೆ ಎಂದು ಅಮ್ಮನಿಗೆ ಹೇಳಿದ್ದೇನೆ. ದಿನವೂ ಹಸಿ ಕ್ಯಾರೆಟ್ ತಿನ್ನಿಸುತ್ತಿದ್ದಾಳೆ.

ನೀನು ಸುಮ್ಮನಿರು. ಒಂದು ಸಲ, ನನಗಾಗಿ. ಅಂಗಡಿಗೆ ವಾಪಸ್ಸು ಹೋಗು, ಪುಸ್ತಕ ಹೊಲಿ. ಇದರ ಬಗ್ಗೆ ಇನ್ನು ಕಾಗದ ಬೇಡ.

ಅಣ್ಣ


ಏಪ್ರಿಲ್ 11, ಶುಕ್ರವಾರ

ಅಣ್ಣ,

ನನ್ನನ್ನು ಉಳಿಸಿದೆ ಎಂದುಕೊಂಡಿದ್ದೀಯ. ನೀನು ಉಳಿಸಿದ್ದು ಸಾಹೇಬರನ್ನು. ಇನ್ನೂ ಇಪ್ಪತ್ತೊಂದು ಹಾಳೆಗಳಲ್ಲಿ ಇಪ್ಪತ್ತೊಂದು ಗೆರೆಗಳು ಅಂಗಡಿಗಳಲ್ಲಿ ಮಾರಾಟವಾಗುತ್ತಿವೆ. ಅವು ಎಲ್ಲೆಲ್ಲಿವೆ ಎಂದು ಬಲ್ಲವನು ನೀನೊಬ್ಬ. ನೀನು ಬಾಯಿ ಮುಚ್ಚಿಕೊಂಡು ಆಫೀಸಿನ ಮೆಟ್ಟಿಲಿಳಿದರೆ ಅದೂ ನಿನ್ನ ಜೊತೆ ಇಳಿದುಹೋಗುತ್ತದೆ.

ಕೆಂಪು ಇದೆಯಲ್ಲ ಎನ್ನುತ್ತೀಯ. ನಾನೂ ಅದನ್ನೇ ಹೇಳಿಕೊಂಡು ಹತ್ತು ದಿನ ತಲೆ ತಗ್ಗಿಸಿ ಓಡಾಡಿದೆ. ನಿನ್ನೆ ವಸತಿಮನೆಯ ಒಡತಿ "ಆ ಕಂಪನಿ ನಕ್ಷೆ ನನ್ನ ಹತ್ರಾನೂ ಇದೆಯಲ್ಲ, ಅಡುಗೆಮನೇಲಿ" ಅಂದರು. ಹೋಗಿ ನೋಡಿದೆ. ಕಿಟಕಿಯ ಎದುರಿನ ಗೋಡೆಗೆ ಅಂಟಿಸಿದ ಹದಿನಾಲ್ಕನೇ ಹಾಳೆ. ಅಸಲಿ, ದಪ್ಪ ಕಾಗದ, ಕಂಪನಿಯ ಮುದ್ರೆ. ಅದರಲ್ಲಿ ಕೆಂಪು ಇಲ್ಲ. ಬಿಸಿಲಿಗೆ ಹಾರಿಹೋಗಿದೆ. ಕಣ್ಣು ಹತ್ತಿರ ಇಟ್ಟು ನೋಡಿದರೆ ಹಳೆಯ ಚಹಾದ ಕಲೆಯ ಹಾಗೆ ಒಂದು ನೆರಳು. ಕಪ್ಪು ಚುಕ್ಕಿಗಳು ಮಾತ್ರ ಒಂದೂ ಮಾಸಿಲ್ಲ. ಬಸ್ ನಿಲ್ದಾಣದ ಪಕ್ಕದ ಅಂಗಡಿಯ ಗಾಜಿನ ಬಾಗಿಲಲ್ಲೂ ಒಂದಿದೆ. ಅದೂ ಹಾಗೇ. ಕಾಪಾಡುವ ಬಣ್ಣ ಮೊದಲು ಹೋಗುತ್ತದೆ, ಕಳ್ಳನನ್ನು ಹಿಡಿಯುವ ಬಣ್ಣ ಉಳಿಯುತ್ತದೆ. ಎಂಟು ವರ್ಷ ಒಬ್ಬರೂ ಬೀಳಲಿಲ್ಲ ಎಂದೆಯಲ್ಲ, ಬಿಸಿಲಿಗೆ ಅಷ್ಟು ವರ್ಷ ಬೇಕಿತ್ತು.

ಇದರಿಂದ ನನ್ನ ತಪ್ಪು ಒಂದು ಗುಲಗಂಜಿಯಷ್ಟೂ ಕಮ್ಮಿಯಾಗುವುದಿಲ್ಲ. ಮೇಷ್ಟ್ರು ಹಿಡಿದಿದ್ದು ನನ್ನ ಹಾಳೆಯನ್ನೇ.

ಇವತ್ತು ಮತ್ತೆ ಹೋಗಿ ಹೇಳಿದೆ. ಹಾಸಿಗೆಯ ಬುಡದಲ್ಲಿ ನಿಂತೇ ಹೇಳಿದೆ, ಕೂತರೆ ಧೈರ್ಯ ಹೋಗುತ್ತದೆ ಎಂದು. ಟ್ರೇಸ್ ಮಾಡಿದ್ದು, ಅಚ್ಚು ಹಾಕಿದ್ದು, ಕೊನೆಗೆ ನಾನು ಯಾರ ತಂಗಿ ಎಂಬುದು. ಮೇಷ್ಟ್ರು ಪೆನ್ಸಿಲನ್ನು ಮೆಲ್ಲಗೆ ಕೆಳಗಿಟ್ಟರು.

"ಹೋದ ಸಲ ಬಂದಾಗ ಗೊತ್ತಿತ್ತಾ ನಿನಗೆ?"

"ಗೊತ್ತಿತ್ತು ಸಾರ್."

"ಹೊದಿಕೆ ಸರಿ ಮಾಡಿ ಹೋದೆ."

"ಹೌದು ಸಾರ್."

ಗೋಡೆಯ ಕಡೆ ಹೊರಳಿದರು. "ಬಾಗಿಲು ಹಾಕ್ಕೊಂಡು ಹೋಗಮ್ಮಾ. ಗಾಳಿ ಬರ್ತಿದೆ."

ಅವರ ಹೆಂಡತಿ ನನ್ನ ಹಿಂದೆಯೇ ವರಾಂಡಕ್ಕೆ ಬಂದರು. ಕೈಯಲ್ಲಿ ನಿನ್ನ ಕಾಗದ. "ಮೊನ್ನೆ ನಿಮ್ಮಣ್ಣ ತಪ್ಪು ನಂದು ಅಂತ ಬರೆದಿದ್ದಾನೆ. ಇವತ್ತು ನೀನು ಬಂದು ನಂದು ಅಂತೀಯ. ಏನು, ನಿಮ್ಮ ಮನೇಲಿ ತಪ್ಪಿಗೂ ಪೈಪೋಟಿನಾ? ಇಬ್ಬರೂ ದೊಡ್ಡವರಾಗಿ ಹೋಗಿ ತಾಯಿ, ಅವರ ಕೈ ಇಲ್ಲೇ ಇರುತ್ತೆ."

ಆ ಕಾಗದವನ್ನು ಮಡಿಸುತ್ತಾ, "ಬೇರೆ ಹಾಳೆಲೂ ಇದೆಯಾ ಇಂಥದ್ದು?" ಎಂದು ಕೇಳಿದರು. ಇದೆ ಎಂದೆ. "ಎಲ್ಲೆಲ್ಲಿ?" ಅಂದರು. ಗೊತ್ತಿಲ್ಲ, ಅಣ್ಣನಿಗೆ ಮಾತ್ರ ಗೊತ್ತು ಎಂದೆ. "ಹಾಗಾದ್ರೆ ಅವನ ಕ್ಷಮೆ ನನಗೆ ಬೇಡ, ಅದು ಬೇಕು" ಅಂದು ಒಳಗೆ ಹೋದರು.

ಅಣ್ಣ, ನಿನ್ನ ತ್ಯಾಗ ನನಗೂ ಬೇಡ. ನನ್ನನ್ನು ಕೇಳದೆ ನನಗಾಗಿ ಸುಳ್ಳು ಹೇಳುವ ಹಕ್ಕು ನಿನಗೆ ಯಾರು ಕೊಟ್ಟರು? ಚಿಕ್ಕವಳು, ತಿಳಿಯದವಳು ಎಂದೇ ಇನ್ನೂ ಹೊತ್ತುಕೊಂಡು ತಿರುಗುತ್ತೀಯ. ಇಳಿಸು. ಪೊಲೀಸರು ಬಂದರೆ ನಾನೇ ಅವರ ಜೊತೆ ಹೋಗುತ್ತೇನೆ. ನನ್ನನ್ನು ನೀನು ಕ್ಷಮಿಸಬೇಕಾಗಿಲ್ಲ. ನಾನೂ ನಿನ್ನನ್ನು ಕ್ಷಮಿಸಿಲ್ಲ, ಪ್ರಯತ್ನಪಟ್ಟೆ, ಆಗಲಿಲ್ಲ. ಅದೆಲ್ಲ ಇಲ್ಲದೆಯೂ ಇಬ್ಬರು ಒಂದು ಬಾಗಿಲಿನೊಳಗೆ ಹೋಗಬಹುದು.

ಅಡುಗೆಮನೆಯ ಹಾಳೆಯನ್ನು ಒಡತಿ ಗೋಡೆಯಿಂದ ಬಿಡಿಸಿ ಕೊಟ್ಟಿದ್ದಾರೆ. ಉಳಿದ ತೊಂಬತ್ತು ಹಳದಿ ಹಾಳೆ ಮತ್ತು ವಾಪಸ್ಸು ಸಿಕ್ಕ ಮೂವತ್ತೆಂಟನ್ನು ತರುತ್ತೇನೆ. ನೀನು ಇಪ್ಪತ್ತೆರಡು ಗೆರೆಗಳ ಪಟ್ಟಿ ಬರೆದುಕೊಂಡು ಬಾ. ಹಾಳೆಯ ಸಂಖ್ಯೆ, ಎಲ್ಲಿಂದ, ಎಲ್ಲಿಗೆ. ನೆನಪಿಲ್ಲ ಎನ್ನಬೇಡ, ನಿನ್ನ ಕೈ ನನಗೆ ಗೊತ್ತು. ಪಟ್ಟಿ ಇಲ್ಲದೆ ಬಂದರೂ ಬಾ, ಅಲ್ಲೇ ಕೂತು ಬರೆಯೋಣ. ಬರದಿದ್ದರೆ ನಾನೊಬ್ಬಳೇ ಮೆಟ್ಟಿಲು ಹತ್ತಿ ಹೋಗುತ್ತೇನೆ.

ವಿಚಾರಣೆ ಹನ್ನೊಂದಕ್ಕೆ. ಮೇಷ್ಟ್ರ ಹೆಂಡತಿ ಹತ್ತೂವರೆಗೆ ಬರುತ್ತಾರೆ. ನಿಮ್ಮ ಆಫೀಸಿನ ಎದುರಿನ ಬಸ್ ನಿಲ್ದಾಣದಲ್ಲಿ ಕಾಯುತ್ತಿರುತ್ತೇನೆ: ಏಪ್ರಿಲ್ 17, ಗುರುವಾರ, ಬೆಳಗ್ಗೆ ಹತ್ತು ಗಂಟೆ.